ಹಸುವಿನ ಒಂದು ಮೊಲೆಯಲ್ಲಿ ಮಾತ್ರ ಹಾಲು ಗಂಟು ಗಂಟಾಗಿ ಬರುತ್ತಿದೆ, ಏನು ಮಾಡಲಿ?

ತುರುವೇಕೆರೆ ಹೈದ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ಎಚ್‌ಎಫ್ ಮಿಶ್ರತಳಿ ಹಸು ಇದೆ, ಎರಡನೇ ಸೂಲು. ಕರು ಹಾಕಿ ಸುಮಾರು ಒಂದು ತಿಂಗಳಾಗಿದೆ. ಹೊತ್ತಿಗೆ ಎಂಟು ಲೀಟರ್ ಕೊಡುತ್ತಿತ್ತು. ಒಂದು ವಾರದಿಂದ ಡೈರಿಯಲ್ಲಿ ಡಿಗ್ರಿ (ಹಾಲಿನ ಗಟ್ಟಿತನದ ಅಳತೆ) ಕಮ್ಮಿ ಬರುತ್ತಿದೆ ಅನ್ನುತ್ತಿದ್ದರು, ನೀರು ಬೆರೆಸಿದ್ದೀರಾ ಅಂತಲೂ ಕೇಳಿದರು, ಅಮ್ಮನಿಗೆ ತುಂಬಾ ಬೇಜಾರಾಯಿತು. ಇವತ್ತು ಬೆಳಿಗ್ಗೆ ಕರೆಯುವಾಗ ಎಡಗಡೆ ಹಿಂದಿನ ಮೊಲೆಯಿಂದ ಮೊದಲು ನೀರಿನಂಥದ್ದು ಬಂತು, ಆಮೇಲೆ ಒಡೆದ ಮೊಸರಿನ ಹಾಗೆ ಸಣ್ಣ ಗಂಟುಗಳು. ಆ ಕಡೆ ಕೆಚ್ಚಲು ಸ್ವಲ್ಪ ಗಟ್ಟಿಯಾಗಿದೆ, ಮುಟ್ಟಿದರೆ ಕಾಲು ಎತ್ತುತ್ತದೆ. ಮೇವು, ಬೂಸಾ ಎಲ್ಲ ತಿನ್ನುತ್ತಿದೆ. ಉಳಿದ ಮೂರು ಮೊಲೆ ಸರಿಯಾಗಿವೆ.

ಪಕ್ಕದ ಮನೆಯವರು ದೃಷ್ಟಿ ಆಗಿದೆ, ನಿವಾಳಿಸಿ ಹುತ್ತದ ಮಣ್ಣು ಮೆತ್ತಿ ಅನ್ನುತ್ತಾರೆ. ಇನ್ನೊಬ್ಬರು ಮೊಲೆಯೊಳಗೆ ಬೇವಿನ ಕಡ್ಡಿ ಆಡಿಸಿದರೆ ದಾರಿ ಬಿಡುತ್ತದೆ ಅಂದರು. ಮೆಡಿಕಲ್ ಸ್ಟೋರಿನಲ್ಲಿ ನೋವಿಗೆ ಅಂತ ಮನುಷ್ಯರಿಗೆ ಹಾಕುವ ಇಂಜೆಕ್ಷನ್ನೇ ಕೊಟ್ಟಿದ್ದಾರೆ, ಇನ್ನೂ ಹಾಕಿಸಿಲ್ಲ. ಈ ಮೊಲೆಯ ಹಾಲನ್ನು ಕರುವಿಗೆ ಬಿಡಬಹುದಾ? ಮಿಕ್ಕ ಹಾಲು ಡೈರಿಗೆ ಹಾಕಬಹುದಾ? ದಯವಿಟ್ಟು ತಿಳಿದವರು ಬೇಗ ಹೇಳಿ.

ಪಶುವೈದ್ಯ, ಅರಸೀಕೆರೆ ಕಡೆ:

ಮೊದಲು ಒಂದು ಮಾತು. ಕಡ್ಡಿ ಹಾಕಬೇಡಿ. ಬೇವಿನದಾಗಲಿ, ಪೊರಕೆಯದಾಗಲಿ, ಬೇರೆ ಹಸುವಿಗೆ ಬಳಸಿದ ನಳಿಗೆಯಾಗಲಿ, ಯಾವುದೂ ಬೇಡ. ಮೊಲೆಯ ತುದಿಯ ರಂಧ್ರದ ಒಳಗೆ ತುಂಬಾ ನವಿರಾದ ಪದರ ಇರುತ್ತದೆ, ರೋಗಾಣು ಒಳಗೆ ಹೋಗದ ಹಾಗೆ ತಡೆಯುವುದೇ ಅದು. ಕಡ್ಡಿ ಆಡಿಸಿದರೆ ಅದು ಹರಿದು ಗಾಯವಾಗಿ, ಆಮೇಲೆ ಆ ಮೊಲೆ ಕುರುಡಾಗುತ್ತದೆ, ಅಂದರೆ ಹಾಲೇ ಬರುವುದಿಲ್ಲ. ಹಾಗೆ ಮೂರು ಮೊಲೆಯ ಹಸುವಾಗಿ ಅರ್ಧ ಬೆಲೆಗೆ ಹೋದವನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನೀವು ಹೇಳಿದ್ದನ್ನು ನೋಡಿದರೆ ಇದು ಕೆಚ್ಚಲು ಬಾವು. ಹೊಸದಾಗಿ ಕರು ಹಾಕಿದ ಹಸುವಿನಲ್ಲಿ ಕೆಚ್ಚಲಿಗೆ ನೀರು ಇಳಿದು ಊದಿಕೊಳ್ಳುವುದು ಬೇರೆ. ಅದರಲ್ಲಿ ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಸ್ವಲ್ಪ ಹೊತ್ತು ಹಾಗೇ ಇರುತ್ತದೆ, ನೋವಿರಲ್ಲ, ಹಾಲು ಚೆನ್ನಾಗೇ ಇರುತ್ತದೆ. ನಿಮ್ಮದರಲ್ಲಿ ಹಾಲೇ ಕೆಟ್ಟಿದೆ, ಒಂದೇ ಕಡೆ ಗಟ್ಟಿ, ನೋವು ಬೇರೆ. ದೃಷ್ಟಿ ತೆಗೆಯುವುದಕ್ಕೆ ನನ್ನ ಅಡ್ಡಿ ಇಲ್ಲ, ಆದರೆ ಹುತ್ತದ ಮಣ್ಣು ಒಣಗಿ ಮೊಲೆಯ ತುದಿಗೆ ಅಂಟಿಕೊಂಡರೆ ಅಲ್ಲಿಗೇ ಹೊಸ ಕೊಳೆ ಸೇರಿಸಿದ ಹಾಗೆ. ಬಿಡಿ.

ಡೈರಿಯಲ್ಲಿ ಡಿಗ್ರಿ ಕಮ್ಮಿ ಬಂದಿದ್ದು ಇದರಿಂದಲೇ ಇರಬಹುದು. ಕೆಚ್ಚಲೊಳಗೆ ಬಾವು ಬಂದಾಗ ಹಾಲಿನ ಸಕ್ಕರೆ ಅಂಶ ಇಳಿಯುತ್ತದೆ, ರಕ್ತದಿಂದ ಉಪ್ಪಿನಂಶ ಹಾಲಿಗೆ ಸೇರುತ್ತದೆ. ಎಸ್‌ಎನ್‌ಎಫ್, ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ, ಬೀಳುತ್ತದೆ. ಅಮ್ಮನಿಗೆ ಹೇಳಿ, ನೀರು ಬೆರೆಸದೆಯೂ ಹೀಗಾಗುತ್ತದೆ. ಗಂಟು ಕಾಣುವುದಕ್ಕೆ ಎಷ್ಟೋ ದಿನ ಮೊದಲೇ ಬಾವು ಒಳಗೆ ಶುರುವಾಗಿರುತ್ತದೆ. ಅದಕ್ಕೇ ಡಿಗ್ರಿ ಇಳಿದ ದಿನವೇ ಒಂದೊಂದು ಮೊಲೆಯ ಹಾಲನ್ನೂ ಬೇರೆ ಬೇರೆ ನೋಡಿ ಅನ್ನುವುದು.

ಇವತ್ತೇ ಮಾಡಬೇಕಾದ್ದು: ಆ ಮೊಲೆಯ ಹಾಲನ್ನು ಪೂರ್ತಿ ಖಾಲಿ ಮಾಡಿ, ದಿನಕ್ಕೆ ನಾಲ್ಕೈದು ಸಲ. ಒಳಗೆ ಉಳಿದಷ್ಟೂ ರೋಗಾಣು ಬೆಳೆಯುತ್ತದೆ. ನೆಲಕ್ಕೆ ಹಿಂಡಬೇಡಿ, ಪಾತ್ರೆಗೆ ಹಿಂಡಿ ಕೊಟ್ಟಿಗೆಯಿಂದ ದೂರ ಗುಂಡಿ ತೆಗೆದು ಚೆಲ್ಲಿ. ನೆಲಕ್ಕೆ ಬಿದ್ದ ಹಾಲಿನ ಮೇಲೆ ಅದೇ ಹಸು, ಇಲ್ಲ ಪಕ್ಕದ ಹಸು ಮಲಗುತ್ತದೆ, ಅಲ್ವಾ. ಮೊದಲು ಸರಿಯಿರುವ ಮೂರು ಮೊಲೆ ಕರೆದು ಕೊನೆಗೆ ಇದನ್ನು ಮುಟ್ಟಿ, ಆಮೇಲೆ ಕೈ ಸೋಪು ಹಾಕಿ ತೊಳೆಯಿರಿ. ಜ್ವರ ನೋಡಿ. 101, 102 ಡಿಗ್ರಿ ಫ್ಯಾರನ್‌ಹೀಟ್ ಹಸುವಿಗೆ ಸಹಜ, 103 ದಾಟಿದರೆ ಜ್ವರ ಅಂತಲೇ ಲೆಕ್ಕ.

ನಾಳೆ ಬೆಳಿಗ್ಗೆಯೊಳಗೆ ಡಾಕ್ಟರನ್ನು ಕರೆಸಿ, ಇಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಬರುತ್ತದೆ. ಆದರೆ ಹಸು ಮೇವು ಬಿಟ್ಟರೆ, ಕಿವಿ ತಣ್ಣಗಾದರೆ, ಹಾಲು ಬರೀ ಹಳದಿ ನೀರಾದರೆ, ಮೊಲೆ ನೀಲಿಯಾಗಿ ತಣ್ಣಗೆ ಕೊರೆದರೆ ನಾಳೆ ತನಕ ಕಾಯಬೇಡಿ. ರಾತ್ರಿಯಾದರೂ ಸರಿ, ಕರೆಸಿ. ಆಗ ಮೊಲೆಯಲ್ಲ, ಹಸುವನ್ನೇ ಕಳೆದುಕೊಳ್ಳಬೇಕಾಗುತ್ತದೆ.

ಡಾಕ್ಟರು ಮೊಲೆಯೊಳಗೆ ಬಿಡುವ ಔಷಧಿಯ ಟ್ಯೂಬ್ ಕೊಟ್ಟರೆ ಎಷ್ಟು ದಿನ ಅಂದಿರುತ್ತಾರೋ ಅಷ್ಟು ದಿನವೂ ಹಾಕಿಸಿ. ಎರಡು ಟ್ಯೂಬಿಗೆ ಗಂಟು ನಿಂತಿತು ಅಂತ ನಿಲ್ಲಿಸುವುದೇ ನಮ್ಮ ಕಡೆ ಇರುವ ದೊಡ್ಡ ತೊಂದರೆ. ಮುಂದಿನ ಸೂಲಿನಲ್ಲಿ ಅದೇ ಮೊಲೆ ಮತ್ತೆ ಬಾವಾಗುತ್ತದೆ, ಆಗ ಅದೇ ಔಷಧಿ ಹಿಡಿಯುವುದಿಲ್ಲ. ಹಾಕುವಾಗ ಹಾಲು ಪೂರ್ತಿ ತೆಗೆದು, ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಕೊಳೆ ಬರದಷ್ಟು ಒರೆಸಿ, ಟ್ಯೂಬಿನ ಮೂತಿಯನ್ನು ಸ್ವಲ್ಪವೇ ಒಳಗೆ ಇಟ್ಟರೆ ಸಾಕು. ಪೂರ್ತಿ ತುರುಕುವುದು ಬೇಡ.

ಹಾಲಿನ ಪ್ರಶ್ನೆ. ಕೆಟ್ಟ ಮೊಲೆಯ ಹಾಲು ಕರುವಿಗೂ ಬೇಡ, ನಾಯಿಗೂ ಬೇಡ. ಟ್ಯೂಬ್ ಅಥವಾ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಶುರುವಾದ ಮೇಲೆ ನಾಲ್ಕೂ ಮೊಲೆಯ ಹಾಲು ಡೈರಿಗೆ ಬೇಡ. ಔಷಧಿ ರಕ್ತದ ಮೂಲಕ ಬೇರೆ ಮೊಲೆಗೂ ಹೋಗುತ್ತದೆ. ಕೊನೆಯ ಡೋಸ್ ಆದ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಅಂತ ಔಷಧಿಯ ಡಬ್ಬಿಯ ಮೇಲೇ ಬರೆದಿರುತ್ತದೆ. ಔಷಧಿಯಿಂದ ಔಷಧಿಗೆ ಅದು ಬೇರೆ, ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕಾಯಿಸಿದರೆ ಔಷಧಿ ಹೋಗುತ್ತದೆ ಅನ್ನುವುದನ್ನು ನಂಬಬೇಡಿ.

ಕೊನೆಯದು, ಆ ನೋವಿನ ಇಂಜೆಕ್ಷನ್ ಹೆಸರೇನು? ನೋಡಿ ಹೇಳಿ. ಅಲ್ಲಿಯವರೆಗೆ ಹಾಕಿಸಬೇಡಿ.

ತುರುವೇಕೆರೆ ಹೈದ:

ತುಂಬಾ ಥ್ಯಾಂಕ್ಸ್ ಸರ್. ಡೈಕ್ಲೋಫೆನಾಕ್ ಅಂತ ಇದೆ. ಜ್ವರ ನೋಡಿದೆ, 102.4 ಇದೆ. ಮೇವು ತಿನ್ನುತ್ತಿದೆ.

ಪಶುವೈದ್ಯ, ಅರಸೀಕೆರೆ ಕಡೆ:

ಹಾಗಾದರೆ ವಾಪಸ್ ಕೊಟ್ಟುಬಿಡಿ. ಹಸು ಎಮ್ಮೆಗೆ ಡೈಕ್ಲೋಫೆನಾಕ್ ಹಾಕುವುದು 2006ರಿಂದಲೇ ನಿಷೇಧ. ನೋವಿಗೆ, ಊತಕ್ಕೆ ಮೆಲಾಕ್ಸಿಕ್ಯಾಮ್ ಇದೆ, ಡಾಕ್ಟರು ಅದನ್ನೇ ಹಾಕುತ್ತಾರೆ. ಜ್ವರ ಇಲ್ಲದ್ದು ಒಳ್ಳೆಯದಾಯಿತು, ಬೇಗ ಗುಣವಾಗುತ್ತದೆ.

ಚನ್ನಪಟ್ಟಣದ ಹಕ್ಕಿಪ್ರೇಮಿ:

ಡಾಕ್ಟರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಎಷ್ಟೋ ರೈತರಿಗೆ ಈ ನಿಷೇಧ ಯಾಕೆ ಅಂತ ಯಾರೂ ಹೇಳಿಲ್ಲ. ಡೈಕ್ಲೋಫೆನಾಕ್ ಹಾಕಿದ ದನ ಒಂದೆರಡು ದಿನದಲ್ಲಿ ಯಾವ ಕಾರಣಕ್ಕಾದರೂ ಸತ್ತು, ಅದನ್ನು ಊರಾಚೆ ಎಸೆದರೆ, ತಿಂದ ರಣಹದ್ದಿನ ಕಿಡ್ನಿ ಕೆಟ್ಟು ಹಕ್ಕಿಯೂ ಸಾಯುತ್ತದೆ. 1990ರ ದಶಕದಿಂದ ಹೀಗೇ ದೇಶದ ರಣಹದ್ದುಗಳಲ್ಲಿ ಹೆಚ್ಚಿನ ಪಾಲು ಹೋಯಿತು. ಹಳಬರನ್ನು ಕೇಳಿ, ಸತ್ತ ದನ ಹಾಕಿದ ಜಾಗಕ್ಕೆ ಗುಂಪು ಗುಂಪಾಗಿ ಇಳಿಯುತ್ತಿದ್ದವು ಅನ್ನುತ್ತಾರೆ. ಈಗ ಅಲ್ಲಿ ಬೀದಿ ನಾಯಿ ಸೇರುತ್ತವೆ, ನಾಯಿ ಜಾಸ್ತಿಯಾದರೆ ಹುಚ್ಚುನಾಯಿ ಕಡಿತದ ಭಯ. ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದು ಬಂಡೆಯ ಸಂದಿನಲ್ಲಿ ಗೂಡು ಕಟ್ಟುತ್ತದೆ ಅಂತ 2012ರಲ್ಲಿ ಅದನ್ನು ರಣಹದ್ದು ಧಾಮ ಮಾಡಿದರು. ಧಾಮ ಮಾಡಿದರೂ ಹಕ್ಕಿ ಮೇಯುವುದು ನಮ್ಮ ನಿಮ್ಮ ಊರ ಸುತ್ತಲೇ. 2015ರಲ್ಲಿ ಮನುಷ್ಯರ ಡೈಕ್ಲೋಫೆನಾಕ್ ದೊಡ್ಡ ಬಾಟಲಿಯನ್ನೂ ನಿಲ್ಲಿಸಿ 3 ಮಿಲಿಯದು ಮಾತ್ರ ಉಳಿಸಿದ್ದು, ದನಕ್ಕೆ ಹೋಗಬಾರದು ಅಂತಲೇ. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ದನಕ್ಕೆ ಬಂದ್ ಆದವು. ಅಣ್ಣಾ, ನೀವು ಹಾಕಿಸುವ ಮೊದಲೇ ಇಲ್ಲಿ ಕೇಳಿದ್ದು ನನಗೆ ನಿಜವಾಗಿಯೂ ಖುಷಿಯಾಯಿತು.

ಗೌರಮ್ಮ ಹೈನುಮನೆ:

ತಮ್ಮಾ, ಡಾಕ್ಟರು ಬರುವ ತನಕ ಸುಮ್ನೆ ಕೂರಬೇಡ. ನಮ್ಮ ಮನೆಯಲ್ಲಿ ನಾನು ಮಾಡುವುದು ಲೋಳೆಸರದ ಲೇಪ. ಇದು ಅಜ್ಜಿ ಮದ್ದು ಅಂತ ತಳ್ಳಿಹಾಕಬೇಡಿ, ಯಲಹಂಕದ ಹತ್ತಿರದ ಟಿಡಿಯು ವಿಶ್ವವಿದ್ಯಾಲಯದವರು ಇದರ ಮೇಲೆ ಕೆಲಸ ಮಾಡಿದ್ದಾರೆ, ಎನ್‌ಡಿಡಿಬಿ (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ಯವರೂ ಹೇಳಿಕೊಡುತ್ತಾರೆ. ಲೋಳೆಸರ 250 ಗ್ರಾಂ, ಅಂದರೆ ದಪ್ಪನೆಯ ಎರಡು ಮೂರು ಪಟ್ಟೆ. ಅರಿಶಿನ ಪುಡಿ 50 ಗ್ರಾಂ, ಎಲೆಗೆ ಹಾಕುವ ಸುಣ್ಣ 15 ಗ್ರಾಂ. ಮುಳ್ಳು ಮಾತ್ರ ಸವರಿ, ಸಿಪ್ಪೆ ಸಮೇತ ಹೆಚ್ಚಿ ಮಿಕ್ಸಿಗೆ ಹಾಕಿ. ಸುಣ್ಣ ಸೇರಿದ ಕೂಡಲೇ ಅರಿಶಿನದ ಬಣ್ಣ ಕೆಂಪಾಗಿ ತಿರುಗುತ್ತದೆ, ಆರತಿ ತಟ್ಟೆಯ ಓಕುಳಿ ಹಾಗೆ. ಅದು ಕೆಂಪಾಗದಿದ್ದರೆ ಸುಣ್ಣ ಹಳತು, ಬೇರೆ ತನ್ನಿ. ಅದರಲ್ಲಿ ಒಂದು ಹಿಡಿ ತೆಗೆದು ನೀರು ಬೆರೆಸಿ ತೆಳ್ಳಗೆ ಮಾಡಿ, ಹಾಲು ಪೂರ್ತಿ ಹಿಂಡಿ, ಕೆಚ್ಚಲು ತೊಳೆದು ಇಡೀ ಕೆಚ್ಚಲಿಗೆ ಹಚ್ಚಬೇಕು. ಬರೀ ಬಾವು ಇರುವ ಕಡೆಗಲ್ಲ. ಒಣಗಿದಾಗ ತೊಳೆದು, ಹಿಂಡಿ, ಮತ್ತೆ ಹಚ್ಚಬೇಕು. ದಿನಕ್ಕೆ ಹತ್ತು ಸಲ ಅಂತ ಹೇಳುತ್ತಾರೆ, ಐದು ದಿನ. ಕಷ್ಟದ ಕೆಲಸ, ಮನೆಯಲ್ಲಿ ಒಬ್ಬರು ಇದಕ್ಕೇ ಇರಬೇಕು. ಬೆಳಿಗ್ಗೆಗೆ ಎರಡು, ಸಂಜೆಗೆ ಎರಡು ನಿಂಬೆಹಣ್ಣು ಹೆಚ್ಚಿ ತಿನ್ನಿಸುವುದೂ ಇದೆ. ಲೇಪವನ್ನು ದಿನಾ ಹೊಸದಾಗಿ ರುಬ್ಬಿ, ನಿನ್ನೆಯದು ಬೇಡ.

ಇನ್ನೊಂದು, ನಿಮ್ಮ ಅಮ್ಮ ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತಿ ಕರೆಯುತ್ತಾರಾ? ನಮ್ಮ ಕಡೆ ಹೆಚ್ಚಿನವರು ಹಾಗೇ ಕರೆಯುವುದು. ಗೆಣ್ಣು ತಾಗಿ ತಾಗಿ ಮೊಲೆಯ ಒಳಗೆ ಗಡ್ಡೆ ಕಟ್ಟುತ್ತದೆ. ಇಡೀ ಅಂಗೈಯಲ್ಲಿ ಮುಷ್ಟಿ ಹಿಡಿದು, ಮೇಲಿನ ಬೆರಳಿನಿಂದ ಕೆಳಗಿನ ಬೆರಳಿಗೆ ಒಂದೊಂದಾಗಿ ಒತ್ತುತ್ತಾ ಬರಬೇಕು. ಕೈಗೆ ರೂಢಿಯಾಗಲು ಸ್ವಲ್ಪ ದಿನ ಬೇಕು, ಆಮೇಲೆ ಹಸುವೇ ಮಿಸುಕದೆ ನಿಲ್ಲುತ್ತದೆ.

ಪಶುವೈದ್ಯ, ಅರಸೀಕೆರೆ ಕಡೆ:

ಗೌರಮ್ಮನವರು ಹೇಳಿದ ಅಳತೆ ಸರಿಯಾಗಿದೆ. ನಾನೂ ಶುರುವಿನ ಬಾವಿಗೆ ಇದನ್ನು ಹೇಳುತ್ತೇನೆ. ಜ್ವರ ಇದ್ದು ಹಸು ಮಂಕಾಗಿದ್ದರೆ ಮಾತ್ರ ಲೇಪ ಒಂದನ್ನೇ ನಂಬಿ ಕೂರಬಾರದು, ಚಿಕಿತ್ಸೆಯ ಜೊತೆಗೆ ಹಚ್ಚಿ. ಟ್ಯೂಬ್ ಹಾಕುವ ಮೊದಲು ಲೇಪ ಚೆನ್ನಾಗಿ ತೊಳೆದಿರಬೇಕು, ಇಲ್ಲದಿದ್ದರೆ ಆ ಚೂರು ಟ್ಯೂಬಿನ ಜೊತೆ ಒಳಗೆ ಹೋಗುತ್ತದೆ.

ಸಂಘದ ಹಾಲು ಪರೀಕ್ಷಕ:

ನಾನು ಒಂದು ಹಾಲಿನ ಸಂಘದಲ್ಲಿ ಪರೀಕ್ಷೆ ಮಾಡುವವನು. ಮೊದಲಿಗೆ, ಡಿಗ್ರಿ ಕಮ್ಮಿ ಅಂದ ತಕ್ಷಣ ನೀರು ಅಂತ ಹೇಳುವುದು ತಪ್ಪು, ನಮ್ಮವರು ಮೊದಲು ಹಸು ಹೇಗಿದೆ ಅಂತ ಕೇಳಬೇಕು. ಮನೆಯಲ್ಲೇ ನೋಡುವ ದಾರಿ ಒಂದಿದೆ. ಅರ್ಧ ಲೀಟರ್ ನೀರಿಗೆ ಬಟ್ಟೆ ಒಗೆಯುವ ಪುಡಿ 15 ಗ್ರಾಂ ಕಲಸಿಡಿ. ನಾಲ್ಕು ಬಟ್ಟಲು ಇಟ್ಟು, ಒಂದೊಂದು ಮೊಲೆಯದು ಒಂದೊಂದರಲ್ಲಿ ಒಂದೆರಡು ಚಮಚ ಹಾಲು ಹಿಂಡಿ, ಅಷ್ಟೇ ಸೋಪಿನ ನೀರು ಹಾಕಿ ಮೆಲ್ಲಗೆ ತಿರುಗಿಸಿ. ಚೆನ್ನಾಗಿರುವ ಹಾಲು ನೀರಾಗಿಯೇ ಇರುತ್ತದೆ. ಬಾವು ಇರುವ ಮೊಲೆಯದು ಗಂಜಿಯ ಹಾಗೆ ಲೋಳೆಯಾಗುತ್ತದೆ, ಜಾಸ್ತಿ ಇದ್ದರೆ ಬಟ್ಟಲಿಗೆ ಅಂಟಿಕೊಂಡೇ ಬರುತ್ತದೆ. ಡಾಕ್ಟರ ಹತ್ತಿರ ಇರುವ ಸಿಎಂಟಿ (ಕೆಚ್ಚಲು ಬಾವು ಪರೀಕ್ಷೆಯ) ದ್ರಾವಣದ ಕೆಲಸವೂ ಇದೇ ತರ. ಕರು ಹಾಕಿ ಮೊದಲ ಕೆಲವು ದಿನ ಗಿಣ್ಣಿನ ಹಾಲು ಇರುವಾಗ ಮಾತ್ರ ಈ ಪರೀಕ್ಷೆ ಮಾಡಬೇಡಿ, ಸುಳ್ಳು ತೋರಿಸುತ್ತದೆ. ನೋಡಿದ ಹಾಲು ಚೆಲ್ಲಿಬಿಡಿ, ಮಕ್ಕಳ ಕೈಗೆ ಸಿಗಬಾರದು.

ಔಷಧಿ ಹಾಕಿದ ಹಾಲನ್ನು ಡೈರಿಗೆ ಹಾಕಬೇಡಿ ಅಂತ ಡಾಕ್ಟರು ಹೇಳಿದ್ದನ್ನು ಸಂಘದ ಕಡೆಯಿಂದ ಕೈಮುಗಿದು ಕೇಳುತ್ತೇನೆ. ಒಬ್ಬರ ಮನೆಯ ಹಾಲು ಕ್ಯಾನಿಗೆ, ಕ್ಯಾನಿನದು ಬಲ್ಕ್ ಕೂಲರಿಗೆ ಹೋಗಿ ಇಡೀ ಊರಿನ ಹಾಲಿಗೆ ಸೇರುತ್ತದೆ. ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟುವುದಿಲ್ಲ, ಯಾಕೆಂದರೆ ಔಷಧಿ ಹೆಪ್ಪಿನ ಒಳ್ಳೆಯ ಜೀವಾಣುವನ್ನೂ ಕೊಲ್ಲುತ್ತದೆ. ಪೆನಿಸಿಲಿನ್ ಆಗಿಬರದವರು ಅದನ್ನು ಕುಡಿದರೆ ಮೈಯೆಲ್ಲ ದದ್ದು ಏಳಬಹುದು. ಕೆಲವು ದಿನದ ಹಾಲಿನ ದುಡ್ಡು ಹೋಗುವುದು ಬಡವರ ಮನೆಗೆ ಸಣ್ಣದಲ್ಲ, ಗೊತ್ತು. ಆದರೂ ಬೇಡ.

ತುರುವೇಕೆರೆ ಹೈದ:

ಡಾಕ್ಟರು ಬಂದಿದ್ದರು. ಬಟ್ಟಲಿನ ಪರೀಕ್ಷೆ ಅವರ ಎದುರಿಗೇ ಮಾಡಿದೆವು, ಎಡಗಡೆ ಹಿಂದಿನದು ಗಟ್ಟಿ ಲೋಳೆಯಾಯಿತು. ಬಲಗಡೆ ಮುಂದಿನದು, ಚೆನ್ನಾಗಿದೆ ಅಂದುಕೊಂಡಿದ್ದದ್ದು, ಅದೂ ಸ್ವಲ್ಪ ಲೋಳೆ! ಎರಡಕ್ಕೂ ಟ್ಯೂಬ್ ಹಾಕಿದ್ದಾರೆ, ಮೆಲಾಕ್ಸಿಕ್ಯಾಮ್ ಕೊಟ್ಟಿದ್ದಾರೆ. ಲೇಪ ಅಮ್ಮನೇ ರುಬ್ಬಿದ್ದಾರೆ, ಕೆಂಪಾಯಿತು ಗೌರಮ್ಮ. ಡೈರಿಗೆ ಹಾಲು ಹಾಕುತ್ತಿಲ್ಲ. ಇದು ಮತ್ತೆ ಬರದ ಹಾಗೆ ಏನು ಮಾಡಬೇಕು ಸರ್? ಕೊಟ್ಟಿಗೆಗೆ ಕಲ್ಲು ಚಪ್ಪಡಿ ಹಾಸಿದೆ, ಗಂಜಲ ಒಂದು ಮೂಲೆಯಲ್ಲಿ ನಿಲ್ಲುತ್ತದೆ.

ಪಶುವೈದ್ಯ, ಅರಸೀಕೆರೆ ಕಡೆ:

ಆ ಮೂಲೆಯೇ ಮೊದಲ ಕೆಲಸ. ಗಂಜಲ ಹರಿದುಹೋಗುವ ಹಾಗೆ ಇಳಿಜಾರು ಮಾಡಿಸಿ, ಅಲ್ಲಿಯ ತನಕ ದಿನಾ ಗುಡಿಸಿ ಒಣಗಿದ ಮೇಲೆ ಸುಣ್ಣದ ಪುಡಿ ಎರಚಿ. ಕರೆದ ಮೇಲೆ ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅಷ್ಟರೊಳಗೆ ಹಸು ಒದ್ದೆ ನೆಲದ ಮೇಲೆ ಮಲಗಿದರೆ ರೋಗಾಣು ನೇರ ಒಳಗೆ. ಅದಕ್ಕೆ ಹಸಿಮೇವನ್ನು ಕರೆಯುವ ಮೊದಲು ಹಾಕಬೇಡಿ, ಕರೆದ ಮೇಲೆ ಹಾಕಿ, ತಿನ್ನುತ್ತಾ ನಿಂತಿರುತ್ತದೆ. ಖರ್ಚಿಲ್ಲದ ಕೆಲಸ ಇದು, ಆದರೂ ಮಾಡುವವರು ಕಮ್ಮಿ.

ಕರೆದ ತಕ್ಷಣ ನಾಲ್ಕೂ ಮೊಲೆಯನ್ನು ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಸಣ್ಣ ಲೋಟ ಸಾಕು, ಚರ್ಮ ಒಡೆಯದ ಹಾಗೆ ಸ್ವಲ್ಪ ಗ್ಲಿಸರಿನ್ ಬೆರೆಸಿಕೊಳ್ಳಿ. ಲೋಟದಲ್ಲಿ ಉಳಿದದ್ದನ್ನು ಬಾಟಲಿಗೆ ವಾಪಸ್ ಸುರಿಯಬೇಡಿ. ಕರೆಯುವ ಮೊದಲು ತೊಳೆದರೆ ಒಣಬಟ್ಟೆಯಲ್ಲಿ ಒರೆಸಲೇಬೇಕು, ಒಂದು ಹಸುವಿಗೆ ಒಂದು ಬಟ್ಟೆ. ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಣ್ಣದ ತಟ್ಟೆಗೋ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೋ ಹಿಂಡಿ ನೋಡಿ, ಬಿಳಿ ಚೂರು ಇದ್ದರೆ ಅಲ್ಲೇ ಕಾಣುತ್ತದೆ. ಬಟ್ಟಲಿನ ಪರೀಕ್ಷೆ ಹದಿನೈದು ದಿನಕ್ಕೊಮ್ಮೆ ಮಾಡಿ. ಬಲಗಡೆ ಮುಂದಿನದು ನಿಮಗೆ ಸಿಕ್ಕಿದ್ದು ಹಾಗೇ ತಾನೇ.

ಮತ್ತೆ ಗಬ್ಬ ನಿಂತು ಏಳು ತಿಂಗಳಾದಾಗ ಹಾಲು ಬತ್ತಿಸಿ. ಕರು ಹಾಕುವುದಕ್ಕೆ ಎರಡು ತಿಂಗಳು ಮುಂಚೆ ಕೆಚ್ಚಲಿಗೆ ಬಿಡುವು ಬೇಕೇ ಬೇಕು. ಈ ಸಲ ಬಾವು ಬಂದಿರುವುದರಿಂದ ಕೊನೆಯ ಸಲ ಕರೆದ ದಿನ ಡಾಕ್ಟರನ್ನು ಕರೆಸಿ, ಬತ್ತಿಸುವಾಗ ಹಾಕುವ ಟ್ಯೂಬೇ ಬೇರೆ ಇದೆ, ಅದನ್ನು ಹಾಕಿಸಿ. ಈಗಿನ ಟ್ಯೂಬ್ ಮುಗಿದ ಒಂದೆರಡು ವಾರಕ್ಕೆ ನಾಲ್ಕೂ ಮೊಲೆ ಮತ್ತೆ ಪರೀಕ್ಷೆ ಮಾಡಿ ಇಲ್ಲಿ ಬರೆಯಿರಿ.