ಮೀನಖಂಡ, ಪೋಟರಿ, ಗ್ಯಾಸ್ಟ್ರಾಕ್ನೀಮಿಯಸ್: ಕಾಲಿಗೆ ಹೊಟ್ಟಿ ಎಲ್ಲಿಂದ ಬಂತು?

ಪ್ರಶ್ನೆ (ವಿಜಯಪುರ)

ನರ್ಸಿಂಗ್ ಮೊದಲ ವರ್ಷದವ್ರಿಗೆ ಕಾಲಿನ ಚಾರ್ಟ್ ಕನ್ನಡದಾಗ ಮಾಡೂದೈತಿ. ಮೊಣಕಾಲ ಕೆಳಗ, ಹಿಂದಿನ ಉಬ್ಬಿಗೆ ನಾವು ಮೀನಖಂಡ ಅಂತೀವಿ. ಪುಸ್ತಕದಾಗ ಗ್ಯಾಸ್ಟ್ರಾಕ್ನೀಮಿಯಸ್ ಅಂತ ಐತಿ. ಹೊಟ್ಟಿ ಉರಿಯೂತಕ್ಕ ಗ್ಯಾಸ್ಟ್ರೈಟಿಸ್ ಅಂತೀವಲ್ಲ, ಅದರಾಗಿನ ಗ್ಯಾಸ್ಟ್ರ ಇದೇ ಹೌದೇನು? ಹೌದಂದ್ರ ಕಾಲಿಗೆ ಹೊಟ್ಟಿ ಹೆಂಗ ಬಂತು? ಯುರೋಪಿನ ಉಳಿದ ಭಾಷೆಯವ್ರು ಏನಂತಾರ? ಚಾರ್ಟಿನಾಗ ಮೀನಖಂಡ ಅಂತನ ಬರದ್ರ ನಡೀತೈತೇನು?

ಉತ್ತರ 1 (ಬೆಳಗಾವಿ)

ಹೌದು, ಅದೇ ಪದ. ಗ್ರೀಕಿನಲ್ಲಿ ಗಾಸ್ಟೇರ್ ಎಂದರೆ ಹೊಟ್ಟೆ, ಕ್ನೇಮೇ ಎಂದರೆ ಮೊಣಕಾಲಿನಿಂದ ಹರಡಿನವರೆಗಿನ ಭಾಗ. ಎರಡೂ ಕೂಡಿ ಗಾಸ್ಟ್ರೊಕ್ನೇಮಿಯಾ, ಅಂದರೆ ಕಾಲಿನ ಹೊಟ್ಟೆ. ಹೋಮರನ ಕಾವ್ಯದಲ್ಲಿ ಗ್ರೀಕ್ ಯೋಧರನ್ನು 'ಒಳ್ಳೆಯ ಕ್ನೇಮಿಸ್ ತೊಟ್ಟವರು' ಎಂದು ಕರೆಯುತ್ತಾರೆ. ಕ್ನೇಮಿಸ್ ಅಂದರೆ ಇದೇ ಭಾಗಕ್ಕೆ ಕಟ್ಟುವ ಲೋಹದ ಕಾಲ್ಗಾಪು. ಪದ ಒಡೆಯುವ ಜಾಗ ಗೊತ್ತಿಲ್ಲದವರು 'ಗ್ಯಾಸ್ಟ್ರೋನೀಮಿಯಸ್' ಎಂದು ಬರೆದು ನಡುವಿನ ಕಕಾರ ನುಂಗಿಬಿಡುತ್ತಾರೆ. ಗ್ಯಾಸ್ಟ್ರಾ, ಆಮೇಲೆ ಕ್ನೀಮಿಯಸ್ ಎಂದು ಒಡೆದು ಕಲಿಸಿದರೆ ಆ ತಪ್ಪು ಆಗುವುದಿಲ್ಲ.

ಇದಕ್ಕೆ ಗ್ರೀಸಿಗೇ ಹೋಗಬೇಕಿಲ್ಲ. ಬೆಳಗಾವಿ ಪೇಟೆಯಲ್ಲಿ ಮರಾಠಿ ಮಾತಾಡುವವರು ಈ ಉಬ್ಬಿಗೆ ಪೋಟರಿ ಅನ್ನುತ್ತಾರೆ. ಪೋಟ ಅಂದರೆ ಹೊಟ್ಟೆ. ಪೋರ್ಚುಗೀಸರದು 'ಬರ್ರೀಗ ದ ಪೆರ್ನ', ಅದೂ ಕಾಲಿನ ಹೊಟ್ಟೆಯೇ. ಸಂಸ್ಕೃತದಲ್ಲಿ ಪಿಚಂಡ ಹೊಟ್ಟೆಯಾದರೆ ಪಿಚಂಡಿಕಾ ಈ ಉಬ್ಬು. ಫ್ರೆಂಚರು ಮುಟ್ಟಿ ನೋಡಿ ಹೆಸರಿಟ್ಟಂತಿದೆ: 'ಮೊಲೇ' (mollet) ಎಂಬ ಅವರ ಪದ 'ಮೆತ್ತಗಿನದು' ಎಂಬುದರಿಂದ ಬಂದದ್ದು. ಇಟಲಿಯವರ ಪೊಲ್ಪಾಚ್ಚೊದಲ್ಲಿರುವುದು ಪೊಲ್ಪ, ತಿರುಳು.

ಉತ್ತರ 2 (ಬಾಗಲಕೋಟೆ)

ಮೀನಿನ ಕಡೆ ಯಾರೂ ಹೋಗಲಿಲ್ಲ, ಅದಕ್ಕ ಬರೀತೀನಿ. ರಷ್ಯನ್ ಭಾಷಾದಾಗ ಇಕ್ರಾ ಅಂದ್ರ ಮೀನಿನ ತತ್ತಿ, ಮೀನಖಂಡಕ್ಕೂ ಇಕ್ರಾ. ಡಚ್ಚರ ಕೌಟ್ ಹಂಗ, ಎರಡಕ್ಕೂ ಒಂದ ಪದ. ಎಸ್ಟೋನಿಯಾದವ್ರು ಸಾರೆಮಾರಿ ಅಂತಾರ: ಸಾರ್ ಕಾಲು, ಮಾರಿ ಮೀನಿನ ತತ್ತಿ. ಹಂಗೇರಿಯವ್ರು ಇಕ್ರಾನ್ನ ಸ್ಲಾವ್ ಮಂದಿ ಕಡೆಯಿಂದ ತಗೊಂಡು ಲಾಬಿಕ್ರಾ ಅಂತ ಮಾಡ್ಕೊಂಡಾರ.

ಮೀನು ಕೊಯ್ದಾಗ ತತ್ತಿ ಚೀಲ ನೋಡ್ರಿ. ಎರಡು ಉದ್ದನ ಎಸಳು, ಒಂದರ ಬಾಜೂಕ ಒಂದು, ನಡುವ ಉಬ್ಬಿ ತುದೀಗೆ ಸಣ್ಣಾಗಿರ್ತಾವ. ಈಗ ತುದಿಗಾಲ ಮ್ಯಾಲ ನಿಂತವ್ರ ಕಾಲು ಹಿಂದಿನಿಂದ ನೋಡ್ರಿ. ಎರಡು ಉಬ್ಬು ಏಳ್ತಾವ, ಒಳಗಿನ ಬದಿಯದು ದೊಡ್ಡದು, ಹೊರಗಿನದಕ್ಕಿಂತ ಕೆಳಗಿಳಿದಿರತೈತಿ. ಹೆಸರು ಹುಟ್ಟಿದ್ದು ಈ ಆಕಾರದಿಂದನ ಅಂತ ನನಗ ಅನ್ನಸ್ತೈತಿ.

ಆದ್ರ ಇಷ್ಟಕ್ಕ ನಮ್ಮ ಮೀನಖಂಡಕ್ಕೂ ಇಕ್ರಾಕ್ಕೂ ನಂಟು ಹಚ್ಚಬ್ಯಾಡ್ರಿ. ನಮ್ಮದು ಮೀನ ಮತ್ತು ಖಂಡ. ಖಂಡದ ಸಾರು ಅಂತೀವಲ್ಲ, ಅದ ಖಂಡ, ಅಂದ್ರ ಮಾಂಸ. ನೋಟ ಒಂದಾಗೈತಿ, ಬೇರು ಒಂದಲ್ಲ. ಇಂಗ್ಲಿಷಿನ ಕಾಫ್ ನೋಡಿ 'ಆಕಳ ಕರು' ಅಂತ ಕಲಿಸೋರೂ ಅದಾರ. ಕಾಲಿನ ಕಾಫ್ ಹಳೇ ನಾರ್ಸ್‌ನ (ಸ್ಕ್ಯಾಂಡಿನೇವಿಯಾದ ಹಳೇ ಭಾಷಾ) ಕಾಲ್ವಿಯಿಂದ ಬಂದದ್ದು, ಕರುವಿನ ಪದ ಹಳೇ ಇಂಗ್ಲಿಷಿನದ.

ಉತ್ತರ 3 (ವಿಜಯಪುರ)

ಚಾರ್ಟಿನ ಮಾತಿಗೆ ಬರೋಣ. ಮೀನಖಂಡ ಎಂಬುದು ಇಡೀ ಉಬ್ಬಿನ ಹೆಸರು, ಒಂದೇ ಸ್ನಾಯುವಿನದಲ್ಲ. ಮೇಲಿನ ಪದರ ಗ್ಯಾಸ್ಟ್ರಾಕ್ನೀಮಿಯಸ್: ತೊಡೆಯೆಲುಬಿನ ಕೆಳತುದಿಯ ಎರಡು ದುಂಡನೆಯ ಗಂಟುಗಳಿಂದ ಎರಡು ತಲೆಯಾಗಿ ಹೊರಡುತ್ತದೆ. ಅದರ ಅಡಿಯಲ್ಲಿ ಸೋಲಿಯಸ್, ಮೊಣಕಾಲಿನ ಕೆಳಗಿನ ಎರಡು ಎಲುಬುಗಳಿಂದ ಹೊರಡುವುದು. ಎರಡೂ ಕೂಡಿ ಅಕಿಲಿಸ್ ರಜ್ಜುವಾಗಿ ಹಿಮ್ಮಡಿ ಎಲುಬಿಗೆ ಅಂಟುತ್ತವೆ. ಬಾಣದ ಗುರುತು ಮೇಲಿನ ಪದರಕ್ಕಷ್ಟೇ ಇಟ್ಟು 'ಮೀನಖಂಡ' ಎಂದು ಬರೆದರೆ ತಪ್ಪು. ಎರಡನ್ನೂ ಒಂದು ಆವರಣದಲ್ಲಿ ಹಿಡಿದು ಬರೆಯಿರಿ.

ಇನ್ನೊಂದು, ಇದನ್ನು ಹಗುರಾಗಿ ತಗೋಬೇಡಿ. ಕನ್ನಡ ಪಠ್ಯದಲ್ಲಿ ಸ್ನಾಯು ಎಂದರೆ ಮಾಂಸದ ಗಟ್ಟಿ. ಸುಶ್ರುತ ಸಂಹಿತೆಯಲ್ಲಿ ಹಾಗಿಲ್ಲ: ಅಲ್ಲಿ 500 ಪೇಶಿ, 900 ಸ್ನಾಯು ಎಂದು ಬೇರೆಬೇರೆ ಲೆಕ್ಕ. ಮಾಂಸ ಪೇಶಿ, ಬಿಗಿಯುವ ನಾರು ಸ್ನಾಯು. ಆಯುರ್ವೇದದ ವಿದ್ಯಾರ್ಥಿಗಳೂ ಅದೇ ಚಾರ್ಟ್ ನೋಡುವುದಾದರೆ 'ಮಾಂಸಪೇಶಿ' ಎಂದೇ ಬರೆಯಿರಿ.

ಪ್ರಶ್ನೆ ಕೇಳಿದವರು

ಸೋಲಿಯಸ್‌ಗೆ ಅಡಿಗಾಲಿನ ಸೋಲ್‌ಗೆ ಸಂಬಂಧ ಐತೇನ್ರಿ?

ಉತ್ತರ 1ರವರು

ಇದೆ. ಎರಡೂ ಲ್ಯಾಟಿನ್ನಿನ ಸೋಲಿಯಾದಿಂದ ಬಂದವು, ಹಾಗೆಂದರೆ ಚಪ್ಪಲಿ. ಚಪ್ಪಟೆಯಾದ ಒಂದು ಮೀನಿಗೂ ಅದೇ ಹೆಸರು, ಚಪ್ಪಲಿಯ ಹಾಗೆ ಕಾಣುವುದರಿಂದ. ಕಾಲಿನ ಈ ಮಾಂಸಪೇಶಿಯೂ ಅಗಲವಾಗಿ, ಚಪ್ಪಟೆಯಾಗಿಯೇ ಇದೆ.