ಬೆಳ್ಳುಳ್ಳಿ ಎಣ್ಣೆಯಲ್ಲಿ ಗುಳ್ಳೆ ಬಂದಿದೆ, ಬಳಸಬಹುದಾ?

ಕೇಳಿದವರು
ಮೂರು ವಾರದ ಹಿಂದೆ ಒಂದು ಬಾಟಲಿ ಆಲಿವ್ ಎಣ್ಣೆಗೆ ಹತ್ತು ಹನ್ನೆರಡು ಎಸಳು ಹಸಿ ಬೆಳ್ಳುಳ್ಳಿ, ಎರಡು ಕಡ್ಡಿ ಹಸಿ ರೋಸ್ಮರಿ ಹಾಕಿದ್ದೆ. ಮುಚ್ಚಳ ಬಿಗಿ ಮಾಡಿ ಅಡುಗೆಮನೆ ಕಟ್ಟೆ ಮೇಲೇ ಇಟ್ಟಿದ್ದೆ. ನೋಡೋಕೆ ತುಂಬಾ ಚೆಂದ ಇತ್ತು. ಈಗ ಎಸಳುಗಳ ಸುತ್ತ ಸಣ್ಣ ಸಣ್ಣ ಗುಳ್ಳೆ ಕಾಣುತ್ತಿವೆ. ಮುಚ್ಚಳ ತಿರುಗಿಸಿದರೆ ಪುಸ್ ಅಂತ ಸದ್ದು. ವಾಸನೆ ಮಾತ್ರ ಘಮ್ ಅಂತಿದೆ. ಬಳಸಬಹುದಾ? ಇಂಥದ್ದೇ ಆರು ಬಾಟಲಿ ಮಾಡಿ ಸ್ನೇಹಿತರಿಗೆ ಕೊಡೋಣ ಅಂದುಕೊಂಡಿದ್ದೆ. ಮನೆಯಲ್ಲಿ ಮಾಡಿ ಅಭ್ಯಾಸ ಇರುವವರು ಅನುಭವ ಹೇಳಿ.

ಉತ್ತರ 1
ಎಸೆದುಬಿಡಿ. ನಾಲಿಗೆ ತುದಿಗೂ ಮುಟ್ಟಿಸಬೇಡಿ. ಸಿಂಕಿಗೆ ಸುರಿಯಬೇಡಿ. ಮುಚ್ಚಳ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಕಟ್ಟೆ ಮೇಲೆ ಚೆಲ್ಲಿದ್ದರೆ ಬ್ಲೀಚ್ ನೀರಿನಲ್ಲಿ ಒರೆಸಿ, ಕೈ ಚೆನ್ನಾಗಿ ತೊಳೆಯಿರಿ. ಯಾಕೆ ಅಂತ ಬೇರೆಯವರು ಹೇಳುತ್ತಾರೆ, ನಾನೀಗ ಆಫೀಸಿನಲ್ಲಿದ್ದೇನೆ.

ಉತ್ತರ 2
ಯಾಕೆ ಅಂತ ನಾನು ಹೇಳುತ್ತೇನೆ. ಇದೇ ತಪ್ಪನ್ನು ನಾನೂ ಮಾಡಿದ್ದೆ. ಎಣ್ಣೆ ಬೇಗ ಕೆಡುವುದಿಲ್ಲ, ಹಾಗಾಗಿ ಅದರಲ್ಲಿ ಮುಳುಗಿಸಿದ್ದೂ ಕೆಡುವುದಿಲ್ಲ ಅನ್ನೋದು ನನ್ನ ಲೆಕ್ಕ. ಉಪ್ಪಿನಕಾಯಿ ಮೇಲೆ ಎಣ್ಣೆ ನಿಲ್ಲಿಸುವುದಿಲ್ಲವಾ ಅಂತ ಬೇರೆ ವಾದ ಮಾಡಿದ್ದೆ. ಉಪ್ಪಿನಕಾಯಿಯನ್ನು ಕಾಪಾಡುವುದು ಉಪ್ಪು ಮತ್ತು ಹುಳಿ. ಎಣ್ಣೆಯದ್ದು ಅಲ್ಲಿ ಬರೀ ಮುಚ್ಚಳದ ಕೆಲಸ.

ಹಸಿ ಬೆಳ್ಳುಳ್ಳಿ ವಿಷಯದಲ್ಲಿ ಆ ಮುಚ್ಚಳವೇ ಶತ್ರು. ಬೆಳ್ಳುಳ್ಳಿ ಮಣ್ಣೊಳಗೆ ಬೆಳೆಯುತ್ತದೆ, ಅಲ್ವಾ? ಆ ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಅನ್ನುವ ಬ್ಯಾಕ್ಟೀರಿಯಾದ ಸ್ಪೋರ್‌ಗಳು ಇರುತ್ತವೆ. ಬೀಜ ಮೊಳೆಯಲು ಕಾಯುತ್ತದಲ್ಲ, ಹಾಗೆ ಇವೂ ಸುಮ್ನೆ ಕಾಯುತ್ತಾ ಇರುತ್ತವೆ. ತೊಳೆದರೆ ಪೂರ್ತಿ ಹೋಗುವುದಿಲ್ಲ. ಅವು ಎಚ್ಚರಾಗಲು ಮುಖ್ಯವಾಗಿ ಬೇಕಾದ್ದು ಮೂರು: ಗಾಳಿ ಇರಬಾರದು, ತೇವ ಇರಬೇಕು, ಹುಳಿ ಜಾಸ್ತಿ ಇರಬಾರದು. ಎಣ್ಣೆ ಗಾಳಿಯನ್ನು ತಡೆಯುತ್ತದೆ. ತೇವ ಎಸಳಿನೊಳಗೇ ಇದೆ, ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಹುಳಿಯ ಲೆಕ್ಕ ಪಿಎಚ್‌ನಲ್ಲಿ, ಅದು ಕಡಿಮೆ ಆದಷ್ಟೂ ಹುಳಿ ಜಾಸ್ತಿ. ಅದು 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಬೆಳ್ಳುಳ್ಳಿಯದು ಅದಕ್ಕಿಂತ ಮೇಲೆ. ಕಟ್ಟೆ ಮೇಲಿನ ಬೆಚ್ಚಗಿನ ಜಾಗವನ್ನೂ ಸೇರಿಸಿ. ಬೇಕು ಅಂತ ಮಾಡಿದರೂ ಇದಕ್ಕಿಂತ ಒಳ್ಳೆ ಮನೆ ಅದಕ್ಕೆ ಸಿಗಲಿಕ್ಕಿಲ್ಲ.

ನಿಮ್ಮ ಗುಳ್ಳೆ ಬೇರೆ ಯಾವುದೋ ಬ್ಯಾಕ್ಟೀರಿಯಾದ್ದೇ ಇರಬಹುದು. ಗುಳ್ಳೆ ಬರಲಿಲ್ಲ ಅಂದರೆ ಸುರಕ್ಷಿತ ಅಂತಲೂ ಅಲ್ಲ. ಬೊಟುಲಿನಮ್ ಬೆಳೆಯುತ್ತಾ ಒಂದು ವಿಷ ಬಿಡುತ್ತದೆ, ಆ ವಿಷಕ್ಕೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಘಮ್ ಅಂತಿದೆ ಅನ್ನೋದು ಇಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮುಖ್ಯವಾದ ಪ್ರಶ್ನೆ: ಇದರಲ್ಲಿ ಸ್ವಲ್ಪವಾದರೂ ಈಗಾಗಲೇ ತಿಂದಿದ್ದೀರಾ? ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ಲಕ್ಷಣ ಶುರುವಾಗುತ್ತದೆ, ಕೆಲವರಿಗೆ ಕೆಲವು ದಿನ ಬಿಟ್ಟು. ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣು ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟ ಆಗುವುದು. ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಅನ್ನಬೇಡಿ, ಆಸ್ಪತ್ರೆಗೆ ಓಡಿ. ಎಣ್ಣೆಯ ವಿಷಯವನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಇದಕ್ಕೆ ಪ್ರತಿವಿಷ ಇದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

ಕೇಳಿದವರು
ಅಯ್ಯೋ. ಮೊದಲ ವಾರದಲ್ಲಿ ಒಂದೆರಡು ಚಮಚ ತಿಂದಿದ್ದೆ, ಅದಾಗಿ ಎರಡು ವಾರದ ಮೇಲಾಯಿತು. ಏನೂ ಆಗಿಲ್ಲ. ಬಾಟಲಿ ಈಗ ಚೀಲದೊಳಗಿದೆ.

ಉತ್ತರ 3
ಎಲ್ಲರೂ ಸೇರಿ ಸ್ವಲ್ಪ ಜಾಸ್ತಿಯೇ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ನಾನು ಹತ್ತು ವರ್ಷದಿಂದ ಬೆಳ್ಳುಳ್ಳಿ ಎಣ್ಣೆ ಮಾಡಿ ಹೊರಗೇ ಇಡುತ್ತಿದ್ದೇನೆ. ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಹಾಕುತ್ತೇನೆ. ಕಾಯಿಸಿದರೆ ಎಲ್ಲ ಸಾಯುತ್ತದಲ್ವಾ?

ಉತ್ತರ 2
ಇಲ್ಲ, ಅಲ್ಲೇ ಎಲ್ಲರೂ ಎಡವುವುದು. ವಿಷ ಬೇರೆ, ಸ್ಪೋರ್ ಬೇರೆ. ವಿಷವನ್ನು 85 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿದರೆ ಅದು ಸತ್ವ ಕಳೆದುಕೊಳ್ಳುತ್ತದೆ. ಸ್ಪೋರ್ ಮಾತ್ರ ಕುದಿಯುವ ನೀರಿಗೂ ಜಗ್ಗುವುದಿಲ್ಲ. ಕಾರ್ಖಾನೆಯವರು ಡಬ್ಬಿಗಳನ್ನು ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಏರಿಸುವುದು ಅದಕ್ಕೇ. ಎಣ್ಣೆಯೊಳಗಿನ ಬಿಸಿ ಒಣ ಬಿಸಿ. ಒಣ ಬಿಸಿಯನ್ನು ಸ್ಪೋರ್ ಇನ್ನೂ ಚೆನ್ನಾಗಿ ತಡೆದುಕೊಳ್ಳುತ್ತದೆ. ಬಾಟಲಿಯನ್ನು ಕುಕ್ಕರಿನಲ್ಲಿ ಇಟ್ಟು ಸೀಟಿ ಹೊಡೆಸಿದರೂ ಕೆಲಸ ಆಗುವುದಿಲ್ಲ.

ಹತ್ತು ವರ್ಷ ಏನೂ ಆಗಿಲ್ಲ ಅಂದಿರಿ, ನಂಬುತ್ತೇನೆ. ಪ್ರತಿ ಎಸಳಿನಲ್ಲೂ ಸ್ಪೋರ್ ಇರುವುದಿಲ್ಲ. ಇದ್ದರೂ ಪ್ರತಿ ಸಲ ಮೊಳೆಯುವುದಿಲ್ಲ. ಆದರೆ 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದೇ ಹೋಟೆಲಿನಲ್ಲಿ ಊಟ ಮಾಡಿದ 36 ಜನ ಬೊಟುಲಿಸಮ್‌ಗೆ, ಅಂದರೆ ಈ ವಿಷದಿಂದ ಬರುವ ಕಾಯಿಲೆಗೆ, ಸಿಕ್ಕಿಬಿದ್ದರು. ಕಾರಣ, ಎಣ್ಣೆಯಲ್ಲಿ ಹಾಕಿಟ್ಟ ಕತ್ತರಿಸಿದ ಬೆಳ್ಳುಳ್ಳಿ, ಫ್ರಿಜ್ಜಿನಲ್ಲಿ ಇಡದೆ ಹೊರಗೆ ಬಿಟ್ಟದ್ದು. ಮತ್ತೆ 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೂವರಿಗೆ ಹಾಗೇ ಆಯಿತು. ಆಮೇಲೇ ಅಮೆರಿಕದ ಆಹಾರ ಇಲಾಖೆ, ಮಾರಾಟಕ್ಕೆ ಬರುವ ಇಂಥ ಬೆಳ್ಳುಳ್ಳಿಗೆ ಹುಳಿ ಸೇರಿಸಲೇಬೇಕು, ಬರೀ ಫ್ರಿಜ್ಜನ್ನು ನಂಬಿಕೊಂಡರೆ ಆಗದು ಅಂದದ್ದು. ಅಂಗಡಿ ಬಾಟಲಿ ತಿಂಗಳುಗಟ್ಟಲೆ ಇರುತ್ತದಲ್ಲ ಅನ್ನುವವರು ಅದರ ಚೀಟಿ ಓದಿ, ಆಸಿಡ್ ಹೆಸರು ಅಲ್ಲಿ ಇರುತ್ತದೆ.

ಉತ್ತರ 3
ಆಯ್ತು. ಹೊರಗಿದ್ದ ಬಾಟಲಿಯನ್ನು ಈಗ ನಾನೂ ಎಸೆಯುತ್ತಿದ್ದೇನೆ. ಹೊಟ್ಟೆ ಉರಿಯುತ್ತಿದೆ, ಒಳ್ಳೆ ಎಣ್ಣೆ.

ಉತ್ತರ 4
ಹಾಗಂತ ಎಣ್ಣೆ ಮಾಡೋದೇ ಬೇಡ ಅಂತ ಅಲ್ಲ. ಒಣಗಿದ್ದನ್ನು ಹಾಕಿ, ಅಷ್ಟೇ! ಒಣ ಮೆಣಸಿನಕಾಯಿ, ಒಣಗಿಸಿದ ರೋಸ್ಮರಿ, ಥೈಮ್, ಒರೆಗಾನೊ, ಕಾಳುಮೆಣಸು ಇವುಗಳಲ್ಲಿ ಆ ಬ್ಯಾಕ್ಟೀರಿಯಾಗೆ ಬೇಕಾದಷ್ಟು ತೇವವೇ ಇಲ್ಲ. ಉಡುಗೊರೆಗೂ ಇದೇ ಸರಿ.

ನಾನು ಮೆಣಸಿನಕಾಯಿ ಎಣ್ಣೆ ಮಾಡುವ ಕ್ರಮ ಹೇಳುತ್ತೇನೆ. ಒಣ ಮೆಣಸಿನಕಾಯಿಯನ್ನು ಮುರಿದು ನೋಡಬೇಕು. ಪಟ್ ಅಂತ ಮುರಿದರೆ ಸರಿ, ಚರ್ಮದ ಹಾಗೆ ಬಾಗಿದರೆ ಇನ್ನೂ ತೇವ ಇದೆ. ಬಾಗಿದ್ದನ್ನು ಸಣ್ಣ ಉರಿಯಲ್ಲಿ ಒಣ ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಲು ಬಿಡುತ್ತೇನೆ. ಆಮೇಲೆ ತರಿತರಿಯಾಗಿ ಪುಡಿ. ನುಣ್ಣಗೆ ಮಾಡಿದರೆ ಬೇಗ ಸೀಯುತ್ತದೆ, ಎಣ್ಣೆಯೂ ಕದಡಿದ ಹಾಗೆ ಇರುತ್ತದೆ.

ಪುಡಿಯನ್ನು ಒಣಗಿದ ಸ್ಟೀಲ್ ಪಾತ್ರೆಯಲ್ಲಿ ಹಾಕಿ ಪಕ್ಕಕ್ಕಿಡಿ. ಎಣ್ಣೆಯನ್ನು ಬೇರೆ ಕಾಯಿಸಿ, ಹೊಗೆ ಬರುವಷ್ಟು ಬೇಡ. ಉರಿ ಆರಿಸಿ ಸ್ವಲ್ಪ ಕಾದು, ಒಂದು ಚೂರು ಮೆಣಸಿನಕಾಯಿ ಹಾಕಿ. ಅದರ ಸುತ್ತ ನೊರೆ ಮೆಲ್ಲಗೆ ಎದ್ದು, ಚೂರು ಕೆಂಪಗೇ ಉಳಿದರೆ ಹದ ಬಂತು. ಕ್ಷಣದಲ್ಲಿ ಕಪ್ಪಾದರೆ ಇನ್ನೂ ಆರಬೇಕು. ಎಣ್ಣೆಯನ್ನು ಒಮ್ಮೆಗೇ ಸುರಿಯಬೇಡಿ. ಮೂರು ಸಲವಾಗಿ ಹಾಕಿ, ಪ್ರತಿ ಸಲವೂ ಚಮಚದಲ್ಲಿ ತಳದಿಂದ ಎತ್ತಿ ತಿರುವಿ. ಮೊದಲ ಸಲ ಸುಂಯ್ ಅಂತ ಸದ್ದು ಬರುತ್ತದೆ, ಕೊನೆಯ ಸಲ ಸದ್ದೇ ಇರುವುದಿಲ್ಲ. ಮುಖ ಪಾತ್ರೆಯ ಮೇಲೆ ಬಗ್ಗಿಸಬೇಡಿ. ಇದನ್ನು ನಾನು ಕೆಮ್ಮಿ ಕೆಮ್ಮಿ ಕಲಿತದ್ದು.

ಖಾರದ ಅಂಶ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಅಷ್ಟಾಗಿ ಇಲ್ಲ. ಮರುದಿನಕ್ಕೆ ಖಾರವೂ ಬಣ್ಣವೂ ಏರಿರುತ್ತದೆ. ಹಾಗಾಗಿ ಮೊದಲ ದಿನವೇ ರುಚಿ ನೋಡಿ ಖಾರ ಸಾಲದು ಅಂತ ಮತ್ತೆ ಪುಡಿ ಸೇರಿಸಬೇಡಿ.

ಉತ್ತರ 5
ಹಸಿ ಬೆಳ್ಳುಳ್ಳಿಯೇ ಬೇಕು ಅನ್ನುವವರಿಗೆ: ಒಂದೆರಡು ಊಟಕ್ಕೆ ಆಗುವಷ್ಟು ಮಾತ್ರ ಮಾಡಿ. ಸಣ್ಣ ಉರಿಯಲ್ಲಿ ಎಸಳು ಹೊಂಬಣ್ಣಕ್ಕೆ ಬರುವ ತನಕ ಬೇಯಿಸಿ, ಸೋಸಿ, ಕೂಡಲೇ ಫ್ರಿಜ್ಜಿಗೆ. ನಾಲ್ಕು ದಿನದೊಳಗೆ ಮುಗಿಸಿ. ಫ್ರಿಜ್ಜಿನಲ್ಲಿ ಇದ್ದರೂ ವಾರಗಟ್ಟಲೆ ಇಡಬೇಡಿ, ಈ ಬ್ಯಾಕ್ಟೀರಿಯಾದ ಕೆಲವು ಬಗೆಗಳು 3 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತವೆ. ಜಾಸ್ತಿ ಆದರೆ ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಬೇಕಾದಾಗ ಒಂದು ಗಟ್ಟಿ ತೆಗೆದು ನೇರ ಬಾಣಲೆಗೆ ಹಾಕಿದರೆ ಆಯಿತು. ನನ್ನ ಫ್ರೀಜರಿನಲ್ಲಿ ಐಸಿಗಿಂತ ಇವೇ ಜಾಸ್ತಿ.

ಘಮ ಇನ್ನೂ ಬೇಕಾದರೆ ಬೆಳ್ಳುಳ್ಳಿ ಜಜ್ಜಿ ಹತ್ತು ನಿಮಿಷ ಸುಮ್ನೆ ಬಿಟ್ಟು ಆಮೇಲೆ ಎಣ್ಣೆಗೆ ಹಾಕಿ. ಬೆಳ್ಳುಳ್ಳಿಯ ಘಾಟು ಇಡೀ ಎಸಳಿನಲ್ಲಿ ಇರುವುದಿಲ್ಲ, ಜಜ್ಜಿದ ಮೇಲೆ ಹುಟ್ಟುತ್ತದೆ. ನೇರ ಬಿಸಿಗೆ ಹಾಕಿದರೆ ಹುಟ್ಟುವ ಮೊದಲೇ ನಿಂತುಹೋಗುತ್ತದೆ.

ಉತ್ತರ 6
ಬೇಸಿಲ್ ಎಣ್ಣೆ ಹಸಿರಾಗಿ ಉಳಿಯಬೇಕು ಅಂದರೆ ಎಲೆಯನ್ನು ಕುದಿಯುವ ನೀರಿನಲ್ಲಿ ಹತ್ತೇ ಸೆಕೆಂಡು ಅದ್ದಿ, ಐಸ್ ನೀರಿಗೆ ಹಾಕಿ. ಆಮೇಲೆ ಬಟ್ಟೆಯಲ್ಲಿ ಸುತ್ತಿ ಕೈಲಾದಷ್ಟು ಹಿಂಡಿ. ಎಣ್ಣೆ ಜೊತೆ ಮಿಕ್ಸಿಯಲ್ಲಿ ತಿರುವಿ, ತೆಳು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಅವಸರ ಮಾಡಿ ಹಿಂಡಿದರೆ ಚರಟವೂ ನೀರೂ ಜೊತೆಗೇ ಇಳಿದು ಎಣ್ಣೆ ಮಬ್ಬಾಗುತ್ತದೆ. ಸೋಸಿದ್ದನ್ನು ಉದ್ದ ಲೋಟದಲ್ಲಿ ಫ್ರೀಜರಿಗೆ ಇಡಿ. ತಳದಲ್ಲಿ ಕೂತ ನೀರು ಗಟ್ಟಿಯಾಗುತ್ತದೆ, ಮೇಲಿನ ಎಣ್ಣೆಯನ್ನು ಮೆಲ್ಲಗೆ ಬಗ್ಗಿಸಿಕೊಳ್ಳಬಹುದು. ಮೊದಲ ಸಲ ಆ ಹಸಿರು ಐಸಿನ ಬಿಲ್ಲೆ ನೋಡಿ ನನಗೇ ಆಶ್ಚರ್ಯ. ಇಷ್ಟು ಹಿಂಡಿದ ಮೇಲೂ ಇಷ್ಟು ನೀರಾ ಅಂತ! ಇದೂ ನಾಲ್ಕು ದಿನದ ಸರಕೇ.

ಉತ್ತರ 7
ಬೆಳ್ಳುಳ್ಳಿ ಎಣ್ಣೆಯನ್ನೇ ಉಡುಗೊರೆ ಕೊಡಬೇಕು ಅನ್ನುವ ಹಟ ನನ್ನದೂ ಇತ್ತು. ಅದಕ್ಕೆ ಅಮೆರಿಕದ ಐಡಾಹೊ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ಹೇಳಿದ ದಾರಿ ಒಂದಿದೆ. 3 ಶೇಕಡಾ ಸಿಟ್ರಿಕ್ ಆಸಿಡ್ ನೀರು ಮಾಡಬೇಕು, ಅಂದರೆ 485 ಗ್ರಾಂ ನೀರಿಗೆ 15 ಗ್ರಾಂ ನಿಂಬೆ ಉಪ್ಪು. ಬೆಳ್ಳುಳ್ಳಿಯನ್ನು ಕಾಲು ಇಂಚಿಗಿಂತ ಚಿಕ್ಕದಾಗಿ ಕತ್ತರಿಸಿ, ಅದರ ಮೂರು ಪಟ್ಟು ತೂಕದ ಈ ನೀರಿನಲ್ಲಿ 24 ಗಂಟೆ ನೆನೆಸಬೇಕು. ಸೊಪ್ಪಾದರೆ ಹತ್ತು ಪಟ್ಟು ನೀರು. ತೇಲಲು ಬಿಡಬಾರದು, ಮೇಲೆ ಚಿಕ್ಕ ತಟ್ಟೆ ಒತ್ತಿಡಿ. ಆಮೇಲೆ ಬಸಿದು, ಒರೆಸಿ, ಹತ್ತು ಪಟ್ಟು ಎಣ್ಣೆಗೆ ಹಾಕಬೇಕು.

ಪರೀಕ್ಷೆ ಆಗಿರುವುದು ಬೆಳ್ಳುಳ್ಳಿ, ಬೇಸಿಲ್, ಒರೆಗಾನೊ, ರೋಸ್ಮರಿ ಈ ನಾಲ್ಕಕ್ಕೆ. ಶುಂಠಿಗೂ ಹೀಗೇ ಮಾಡೋಣ, ನಿಂಬೆರಸ ಹಾಕೋಣ, ವಿನೆಗರ್ ಹಾಕೋಣ ಅನ್ನುವ ಹೊಂದಾಣಿಕೆ ಬೇಡ. ಅಳತೆಯನ್ನೂ ಚಮಚದಲ್ಲಿ ಬೇಡ, ತೂಕದಲ್ಲೇ ಮಾಡಿ.

ನೆನೆಸಿದ ಬೆಳ್ಳುಳ್ಳಿ ಬೆಳಗ್ಗೆ ನೋಡಿದರೆ ನೀಲಿ-ಹಸಿರು ಆಗಿರಬಹುದು. ನಾನು ಗಾಬರಿಯಾಗಿ ಒಂದು ಬಟ್ಟಲು ಪೂರ್ತಿ ಚೆಲ್ಲಿದ್ದೆ. ಹುಳಿ ತಾಗಿದಾಗ ಬೆಳ್ಳುಳ್ಳಿ ಹಾಗೆ ಬಣ್ಣ ತಿರುಗುವುದುಂಟು, ಅದರಿಂದ ತೊಂದರೆ ಇಲ್ಲ. ರುಚಿಯಲ್ಲಿ ಮಾತ್ರ ಒಂದು ಎಳೆ ಹುಳಿ ಇರುತ್ತದೆ. ನನಗೆ ಅದು ಇಷ್ಟ, ಮನೆಯವರಿಗೆ ಇಲ್ಲ.

ಉತ್ತರ 1
ಆಫೀಸು ಮುಗಿಯಿತು. ಬಾಟಲಿ ಬಗ್ಗೆ ಒಂದು ಮಾತು. ತೊಳೆದ ಬಾಟಲಿಯನ್ನು ಒಂದು ಇಡೀ ದಿನ ಬೋರಲು ಹಾಕಿ. ಒಣಗಿದೆ ಅಂತ ಕಂಡರೂ ಕುತ್ತಿಗೆ ಹತ್ತಿರ ಹನಿ ಉಳಿದಿರುತ್ತದೆ. ಗಾಢ ಬಣ್ಣದ ಗಾಜಿನದ್ದಾದರೆ ಒಳ್ಳೆಯದು, ಬೆಳಕಿಗೆ ಎಣ್ಣೆ ಬೇಗ ಕಮಟಾಗುತ್ತದೆ. ಒಲೆ ಪಕ್ಕ ಇಡಬೇಡಿ. ಅಗಸೆ ಎಣ್ಣೆಯಂಥ ಬೇಗ ಕಮಟಾಗುವ ಎಣ್ಣೆ ಇದಕ್ಕೆ ಬೇಡವೇ ಬೇಡ. ಆಲಿವ್ ಎಣ್ಣೆ ಫ್ರಿಜ್ಜಿನಲ್ಲಿ ಮಬ್ಬಾಗಿ ಹೆಪ್ಪುಗಟ್ಟಿದರೆ ಕೆಟ್ಟಿತು ಅಂತ ಅಲ್ಲ, ಹೊರಗಿಟ್ಟರೆ ತಿಳಿಯಾಗುತ್ತದೆ. ಅಂದಕ್ಕೆ ಅಂತ ಹಸಿ ಕಡ್ಡಿ ಒಂದನ್ನು ಕೊನೆಗೆ ಬಾಟಲಿಯೊಳಗೆ ಇಳಿಬಿಡಬೇಡಿ. ಒಣ ಎಣ್ಣೆ ಮಾಡಿದ ಕಷ್ಟವೆಲ್ಲ ಆ ಒಂದು ಕಡ್ಡಿಗೆ ಹೋಗುತ್ತದೆ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಉತ್ತರ 4ರವರ ಮೆಣಸಿನಕಾಯಿ ಎಣ್ಣೆ ಮಾಡಿದೆ. ಮೊದಲ ಸರದಿ ಕಾಯಲಾರದೆ ಸುರಿದು ಸೀಯಿಸಿಕೊಂಡೆ, ಕಹಿ. ಎರಡನೆಯದು ಚೂರು ಹಾಕಿ ನೋಡಿ ನೋಡಿ ಮಾಡಿದೆ, ಬಣ್ಣ ದಾಳಿಂಬೆ ರಸದ ಹಾಗೆ ಬಂತು. ಆರು ಬಾಟಲಿ ಬೋರಲು ಹಾಕಿದ್ದೆ, ನಾಲ್ಕು ಒಣಗಿದವು. ಎರಡರ ಕುತ್ತಿಗೆಯಲ್ಲಿ ನಿಜವಾಗಿಯೂ ಹನಿ ಇತ್ತು, ಅವನ್ನು ಮತ್ತೆ ಬೋರಲು ಹಾಕಿದ್ದೇನೆ. ಚೀಟಿಯಲ್ಲಿ ಮಾಡಿದ ತಾರೀಖು ಬರೆದು ಎರಡು ತಿಂಗಳೊಳಗೆ ಮುಗಿಸಿ ಅಂತ ಹಾಕಿದರೆ ಸಾಕಾ?

ಉತ್ತರ 4
ಸಾಕು. ಒಳಗೆ ಏನೇನು ಹಾಕಿದ್ದೀರಿ ಅಂತಲೂ ಬರೆಯಿರಿ. ಯಾರಾದರೂ ಅದಕ್ಕೇ ಹಸಿ ಬೆಳ್ಳುಳ್ಳಿ ಸೇರಿಸಿ ಇಟ್ಟುಬಿಟ್ಟಾರು, ಬೇಡ ಅಂತ ಒಂದು ಸಾಲು ಇರಲಿ. ಸೀದದ್ದನ್ನು ಏನು ಮಾಡಿದಿರಿ?

ಕೇಳಿದವರು
ಅದೂ ಚೀಲದೊಳಗೆ, ಬೆಳ್ಳುಳ್ಳಿ ಬಾಟಲಿಯ ಪಕ್ಕ.