1969ರಲ್ಲಿ ಚಂದ್ರ ಬಿಟ್ಟು ಮತ್ತೇನಾಯ್ತು?

ಚಿಕ್ಕಪ್ಪ, ರಸಪ್ರಶ್ನೆಗೆ ಅಂತ 1969ರ ಬಗ್ಗೆ ನೀವು ಕಳಿಸಿದ ಪಟ್ಟಿ ನೋಡಿದೆ. ಮುಕ್ಕಾಲು ಪಾಲು ಪ್ರಶ್ನೆ ಆರ್ಮ್‌ಸ್ಟ್ರಾಂಗ್ ಬಗ್ಗೆನೇ! ಜುಲೈ 20 ದೊಡ್ಡ ದಿನ, ಇಲ್ಲ ಅನ್ನಲ್ಲ. ಚಂದ್ರನ ತನಕ ಹೋಗಿ ಇಳಿಯದೆ ಮೇಲೆ ಸುತ್ತುತ್ತಾ ಇದ್ದ ಮೈಕಲ್ ಕಾಲಿನ್ಸ್ ಬಗ್ಗೆನೂ ಒಂದು ಕೇಳಿ, ಪಾಪ.

ಆದರೆ ನನ್ನ ಪ್ರಕಾರ ಮೊದಲ ಪ್ರಶ್ನೆ ಅಕ್ಟೋಬರ್ 29ರದ್ದಾಗಬೇಕು. ಅವತ್ತು ರಾತ್ರಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಅನ್ನುವ ವಿದ್ಯಾರ್ಥಿ ಕೂತ್ಕೊಂಡು, ನೂರಾರು ಕಿಲೋಮೀಟರ್ ಆಚೆ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಕಂಪ್ಯೂಟರಿಗೆ ಲಾಗಿನ್ ಆಗೋಕೆ ಹೊರಟ. ಅಕ್ಷರ ಹೋಯ್ತೋ ಇಲ್ವೋ ಅಂತ ಫೋನಿನಲ್ಲಿ ಕೇಳ್ಕೊಂಡು ಒಂದೊಂದೇ ಒತ್ತಿದ. ಎಲ್ ಹೋಯ್ತು. ಓ ಹೋಯ್ತು. ಜಿ ಒತ್ತಿದ್ದೇ ತಡ, ಆ ಕಡೆ ಕಂಪ್ಯೂಟರ್ ಕೈಕೊಟ್ಟಿತು! ಸುಮಾರು ಒಂದು ಗಂಟೆ ಬಿಟ್ಟು ಸರಿಹೋಯ್ತು ಅನ್ನಿ. ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್ ಅನ್ನೋ ಕಂಪ್ಯೂಟರ್ ಜಾಲದ ಮೊದಲ ಸಂದೇಶ ಅಂದರೆ ಆ ಎರಡೇ ಅಕ್ಷರ. ನಾವು ದಿನಾ ಈ ಗ್ರೂಪಿನಲ್ಲಿ ಹಾಕೋ ಗುಡ್ ಮಾರ್ನಿಂಗ್ ಚಿತ್ರಗಳಿಗೆಲ್ಲ ದಾರಿ ಮಾಡಿದ್ದು ಅದೇ ಅಲ್ವಾ?

ಆಮೇಲೆ ನವೆಂಬರ್ 19. ಅಪೊಲೊ 12 ಚಂದ್ರನ ಮೇಲೆ ಇಳಿಯಿತು. ಈ ಸಲ ಬಣ್ಣದ ಟಿವಿ ಕ್ಯಾಮೆರಾ ಒಯ್ದಿದ್ದರು. ಗಗನಯಾತ್ರಿ ಅಲನ್ ಬೀನ್ ಅದನ್ನು ಎತ್ತಿ ಬೇರೆ ಕಡೆ ಇಡುವಾಗ ಸೂರ್ಯನ ಕಡೆ ತಿರುಗಿಬಿಟ್ಟಿತು, ಒಳಗಿನ ಟ್ಯೂಬ್ ಸುಟ್ಟೇ ಹೋಯ್ತು. ಅಲ್ಲಿಗೆ ನೇರ ಪ್ರಸಾರ ಖತಂ. ಅದೇ ದಿನ ಬ್ರೆಜಿಲ್‌ನ ಮರಕಾನಾ ಕ್ರೀಡಾಂಗಣದಲ್ಲಿ ಪೆಲೆ ವಾಸ್ಕೊ ಡ ಗಾಮ ತಂಡದ ವಿರುದ್ಧ ಪೆನಾಲ್ಟಿಯಲ್ಲಿ ಸಾವಿರದ ಗೋಲು ಹೊಡೆದರು. ಗೋಲಿ ಆಂದ್ರಾದಾ ಚೆಂಡಿನ ಕಡೆಗೇ ಹಾರಿದರು, ಆದರೂ ತಡೆಯೋಕೆ ಆಗಲಿಲ್ಲ. ಅದು ಸ್ನೇಹಪಂದ್ಯಗಳನ್ನೂ ಸೇರಿಸಿದ ಲೆಕ್ಕ ಅಂತ ತಕರಾರು ಇದೆ, ಇರಲಿ ಬಿಡಿ.

ಇನ್ನು ಬೋಯಿಂಗ್ 747, ಕಾಂಕಾರ್ಡ್ ವಿಮಾನ ಎರಡೂ ಮೊದಲು ಹಾರಿದ್ದು ಅದೇ ವರ್ಷ. ಇಸ್ರೋ ಹುಟ್ಟಿದ್ದು ಆಗಸ್ಟ್ 15ಕ್ಕೆ. ಟೆನಿಸ್‌ನಲ್ಲಿ ರಾಡ್ ಲೇವರ್ ನಾಲ್ಕೂ ಗ್ರ್ಯಾಂಡ್ ಸ್ಲಾಮ್ ಒಂದೇ ವರ್ಷ ಗೆದ್ದರು, ಅದೂ ಎರಡನೇ ಸಲ! ವುಡ್‌ಸ್ಟಾಕ್ ಸಂಗೀತ ಮೇಳದ ಬಗ್ಗೆ ಒಂದು ಸಾಕು, ನಮ್ಮಲ್ಲಿ ಅದನ್ನ ಕೇಳೋರು ಕಡಿಮೆ.

ಮತ್ತೆ ನಮ್ಮ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅವರನ್ನೇ ಬಿಟ್ಟಿದ್ದೀರಲ್ಲ! ಅದೇ ನವೆಂಬರ್, ಕಾನ್ಪುರ, ಎದುರಿಗೆ ಆಸ್ಟ್ರೇಲಿಯಾ, ಅವರ ಜೀವನದ ಮೊದಲ ಟೆಸ್ಟು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಈ ಪ್ರಶ್ನೆ ಮಾತ್ರ ಕೊನೆಗೆ ಇಡಿ, ಇಲ್ಲಾಂದ್ರೆ ಭಾವ ಶುರುವಿನಲ್ಲೇ ಅಂಕ ಹೊಡ್ಕೊಂಡು ಎಲ್ಲರ ತಲೆ ತಿಂತಾರೆ.